ಐದು ನರ, ಮೂರು ಚುಚ್ಚು

ಕಾಲಿನ ಬೆರಳು ತೆಗೆಯಬೇಕು ಎಂದು ಹೇಳಿದ ದಿನ ಮನೆಯವರ ಪ್ರಶ್ನೆಗಳೆಲ್ಲ ಸರ್ಜನ್‌ಗೇ ಮೀಸಲು. ಎಷ್ಟು ಬೆರಳು, ಎಷ್ಟು ದಿನ, ಎಷ್ಟು ದುಡ್ಡು. ಅರಿವಳಿಕೆ ಕೊಡುವ ನನ್ನ ಕಡೆ ತಿರುಗಿ ಕೇಳುವುದು ಒಂದೇ ಮಾತು: "ಪೂರಾ ಎಚ್ಚರ ತಪ್ಪಸ್ತೀರೇನ್ರಿ ಮೇಡಂ, ಇಲ್ಲಾ ಬೆನ್ನಾಗ ಸೂಜಿ ಮಾಡ್ತೀರೇನ್ರಿ?" ಇರುವುದು ಈ ಎರಡೇ ದಾರಿ ಅನ್ನುವುದು ಎಲ್ಲರ ನಂಬಿಕೆ. ಮೂರನೆಯದೂ ಒಂದಿದೆ, ಪಾದದ ಆಪರೇಷನ್ನಿಗೆ ಎಷ್ಟೋ ಸಲ ಅದೇ ಮೇಲು. ಪಾದಕ್ಕೆ ಹೋಗುವ ನರಗಳನ್ನಷ್ಟೇ ಹುಡುಕಿ, ಅವುಗಳ ಪಕ್ಕದಲ್ಲಿ ಮದ್ದು ಬಿಟ್ಟು, ಪಾದವೊಂದನ್ನೇ ಮರಗಟ್ಟಿಸುವುದು. ನಾವು ಅದಕ್ಕೆ ಬರೀ 'ಬ್ಲಾಕ್' ಅನ್ನುತ್ತೇವೆ.

ನಾನು ಯಾವುದೇ ಒಂದು ಆಸ್ಪತ್ರೆಯವಳಲ್ಲ. ಹಾವೇರಿ ಜಿಲ್ಲೆಯ ನರ್ಸಿಂಗ್ ಹೋಮುಗಳು ಕರೆದಲ್ಲಿಗೆ ಬ್ಯಾಗು ಹಿಡಿದು ಹೋಗುವವಳು. ಬೆಳಗ್ಗೆ ರಾಣೆಬೆನ್ನೂರಿನಲ್ಲಿ ಸಿಸೇರಿಯನ್, ಮಧ್ಯಾಹ್ನ ಬ್ಯಾಡಗಿಯಲ್ಲಿ ಹರ್ನಿಯಾ, ಸಂಜೆ ಮತ್ತೆಲ್ಲೋ ಶುಗರ್ ಕಾಲು. ಸಣ್ಣ ಊರುಗಳ ಅರಿವಳಿಕೆ ಬಹುಮಟ್ಟಿಗೆ ನಡೆಯುವುದು ನನ್ನಂಥವರ ಬ್ಯಾಗಿನಿಂದಲೇ. ಆ ಬ್ಯಾಗಿನಲ್ಲಿ ನನಗೆ ಹೆಚ್ಚು ಧೈರ್ಯ ಕೊಡುವುದು ದುಬಾರಿ ಸಾಮಾನು ಯಾವುದೂ ಅಲ್ಲ, ಎರಡು ಸಿರಿಂಜು ಮತ್ತೊಂದು ಸಣ್ಣ ಸೂಜಿ.

ಪಾದದ ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದು ನರದ ಎಳೆಗಳ ಗುಂಟ ಓಡುವ ವಿದ್ಯುತ್ತಿನ ಅಲೆಯಾಗಿ. ಆ ಅಲೆ ಮುಂದೆ ಸಾಗಬೇಕಾದರೆ ಎಳೆಯ ಗೋಡೆಯಲ್ಲಿರುವ ಅತಿ ಸೂಕ್ಷ್ಮ ದ್ವಾರಗಳು ತೆರೆದು, ಹೊರಗಿನ ಸೋಡಿಯಂ ಒಳಕ್ಕೆ ನುಗ್ಗಬೇಕು. ಲಿಗ್ನೋಕೇನ್, ಬುಪಿವಕೇನ್, ರೋಪಿವಕೇನ್ ಎಂಬ ಮದ್ದುಗಳು ಮಾಡುವುದು ಕಾಲುವೆಯ ತೂಬು ಮುಚ್ಚುವ ಕೆಲಸ. ಮೇಲೆ ನೀರಿದೆ, ಕೆಳಗೆ ಗದ್ದೆಯಿದೆ, ನಡುವೆ ಹರಿವಿಲ್ಲ. ಮದ್ದಿನ ಅಂಶ ರಕ್ತದಲ್ಲಿ ಕರಗಿ ಹೋದಂತೆ ತೂಬು ತಾನಾಗಿ ತೆರೆದುಕೊಳ್ಳುತ್ತದೆ. ಲಿಗ್ನೋಕೇನ್ ಆದರೆ ಒಂದೆರಡು ತಾಸು. ಬುಪಿವಕೇನ್ ಆದರೆ ಪಾದದಲ್ಲಿ ಅರ್ಧ ದಿನ, ಕೆಲವರಿಗೆ ಅದಕ್ಕೂ ಹೆಚ್ಚು. ನೋವನ್ನು ಒಯ್ಯುವ ತೆಳು ಎಳೆಗಳು ಬೇಗ ಸುಮ್ಮನಾಗುತ್ತವೆ, ಒತ್ತಡ ತಿಳಿಸುವ ದಪ್ಪ ಎಳೆಗಳು ತಡವಾಗಿ. ಹಾಗಾಗಿ ಬ್ಲಾಕ್ ಚೆನ್ನಾಗಿ ಹಿಡಿದ ಪಾದದಲ್ಲೂ ಯಾರೋ ಹಿಡಿದು ಎಳೆಯುತ್ತಿರುವುದು ಗೊತ್ತಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಗಾಬರಿಯಾಗುತ್ತಾರೆ. ಹೇಳಿದ್ದರೆ ಆರಾಮಾಗಿ ಮಲಗಿರುತ್ತಾರೆ.

ಬೆನ್ನಿನ ಇಂಜೆಕ್ಷನ್ನಿನ ಕಥೆಯೂ ಶುರುವಾದದ್ದು ಕಾಲಿನಿಂದಲೇ. ಜರ್ಮನಿಯ ಕೀಲ್ ಊರಿನಲ್ಲಿ ಆಗಸ್ಟ್ ಬೀರ್ ಎಂಬ ಸರ್ಜನ್ 1898ರ ಆಗಸ್ಟಿನಲ್ಲಿ ಮೊದಲ ಸಲ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಬಿಟ್ಟದ್ದು, ಕಾಲಿನ ಹರಡಿಗೆ ಕ್ಷಯ ತಗುಲಿದ ಕೂಲಿಯಾಳೊಬ್ಬನ ಆಪರೇಷನ್ನಿಗೆ. ಕೆಲವೇ ದಿನಗಳಲ್ಲಿ ತನ್ನ ಸಹಾಯಕ ಹಿಲ್ಡೆಬ್ರಾಂಟ್‌ಗೂ ಅದೇ ಇಂಜೆಕ್ಷನ್ ಕೊಟ್ಟು, ಅವನ ಮೊಣಕಾಲಿನ ಕೆಳಗಿನ ಮೂಳೆಗೆ ಸುತ್ತಿಗೆಯಿಂದ ಹೊಡೆದು, ಉರಿಯುವ ಸಿಗಾರ್ ಒತ್ತಿ ಪರೀಕ್ಷೆ ಮಾಡಿದ. ಹಿಲ್ಡೆಬ್ರಾಂಟ್‌ಗೆ ಏನೂ ಅನಿಸಲಿಲ್ಲ. ಬಿಡುವಿಲ್ಲದ ತಲೆನೋವು ಬಂದದ್ದು ಆಮೇಲೆ, ಇಬ್ಬರಿಗೂ. ನರವನ್ನೇ ಹುಡುಕಿ ಮರಗಟ್ಟಿಸುವ ಯತ್ನ ಅದಕ್ಕೂ ಹಳೆಯದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿ ತೋರಿಸಿದ ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಅದನ್ನು ನರದ ಪಕ್ಕಕ್ಕೆ ಚುಚ್ಚತೊಡಗಿದ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಆ ಮದ್ದಿನ ಚಟಕ್ಕೂ ಬಿದ್ದ. ಚಟ ಹತ್ತಿಸದ ಲಿಗ್ನೋಕೇನನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು 1943ರಲ್ಲಿ. ನಾವು ಇವತ್ತಿಗೂ ಅದರ ಋಣದಲ್ಲಿದ್ದೇವೆ.

ಇನ್ನು ಶುಗರ್ ಕಾಲು. ನಮ್ಮ ಕಡೆ ಪಾದದ ಆಪರೇಷನ್ ಅಂದರೆ ಹತ್ತರಲ್ಲಿ ಎಷ್ಟು ಸಕ್ಕರೆ ಕಾಯಿಲೆಯವರದ್ದು ಎಂದು ಲೆಕ್ಕ ಇಟ್ಟಿಲ್ಲ, ಆದರೆ ನನ್ನ ಬ್ಯಾಗು ತೆರೆಯುವುದು ಹೆಚ್ಚಾಗಿ ಅವರಿಗಾಗಿಯೇ. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿರುತ್ತದೆ, ಬೈಕಿನ ಸೈಲೆನ್ಸರ್ ಸುಟ್ಟಿರುತ್ತದೆ, ಹೊಸ ಚಪ್ಪಲಿ ಕಚ್ಚಿರುತ್ತದೆ. ಸ್ಪರ್ಶ ಸತ್ತ ಪಾದಕ್ಕೆ ಗೊತ್ತೇ ಆಗಿರುವುದಿಲ್ಲ. ನಾತ ಬಂದ ಮೇಲೆ ಮನೆಯವರು ನೋಡುತ್ತಾರೆ. ಅಷ್ಟರಲ್ಲಿ ಬೆರಳು ಕಪ್ಪಾಗಿರುತ್ತದೆ. ಇಂಥವರಿಗೆ ಕೆಟ್ಟಿರುವುದು ಕಾಲೊಂದೇ ಅಲ್ಲ ಅನ್ನುವುದು ನನ್ನ ಕಷ್ಟ. ಹೃದಯದ ಪಂಪಿಂಗ್ ಕಡಿಮೆ, ಕಿಡ್ನಿ ಸೋತಿದೆ, ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದಾರೆ. ಪೂರ್ತಿ ಎಚ್ಚರ ತಪ್ಪಿಸಿದರೆ ಆ ಹೃದಯ ತಡೆಯುತ್ತದೆಯೇ ಎಂಬ ಚಿಂತೆ. ಬೆನ್ನಿಗೆ ಕೊಟ್ಟರೆ ಬಿಪಿ ಧಡಕ್ಕನೆ ಇಳಿಯಬಹುದು. ಕ್ಲೋಪಿಡೋಗ್ರೆಲ್ ನುಂಗುವವರಿಗೆ ಬೆನ್ನಿನ ಇಂಜೆಕ್ಷನ್ ಕೊಡಬೇಕಾದರೆ ಐದರಿಂದ ಏಳು ದಿನ ಮಾತ್ರೆ ನಿಲ್ಲಿಸಿ ಕಾಯಬೇಕು, ಇಲ್ಲದಿದ್ದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿ ಕಾಲೇ ಸ್ವಾಧೀನ ತಪ್ಪುವ ಭಯ. ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚುವ ಭಯ. ಕೀವು ಮೇಲೇರುತ್ತಿರುವಾಗ ಏಳು ದಿನ ಕಾಯುವುದಾದರೂ ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ವಯಸ್ಸು ಕಳೆದ ಅಜ್ಜ ಒಬ್ಬರು ಹೀಗೆಯೇ ಬಂದಿದ್ದರು. ಬಲಗಾಲಿನ ಎರಡು ಬೆರಳು ಕೊಳೆತಿದ್ದವು. ಎಕೋ ವರದಿಯಲ್ಲಿ ಹೃದಯದ ಪಂಪಿಂಗ್ 30 ಪರ್ಸೆಂಟ್. ಹಿಂದಿನ ವರ್ಷ ಸ್ಟೆಂಟ್. ಮಗ ಕೈ ಮುಗಿದು, "ದೊಡ್ಡ ದವಾಖಾನಿಗೆ ಬರ್ಕೊಡ್ರಿ ಅಂದ್ರ ಬರ್ಕೊಡ್ರಿ" ಎಂದ. ಅಜ್ಜ ಮಾತ್ರ, "ಎಲ್ಲಿಗೂ ಬರೂದಿಲ್ಲ. ಏನ ಮಾಡೂದೈತಿ ಇಲ್ಲೇ ಮಾಡ್ರಿ" ಎಂದು ಗೋಡೆಯ ಕಡೆ ಮುಖ ಮಾಡಿದರು.

ಅಜ್ಜನನ್ನು ಟೇಬಲ್ ಮೇಲೆ ಮಲಗಿಸಿ, ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೂಗುವಂತೆ ಮಾಡಿದೆವು. ಪಾದಕ್ಕೆ ಬರುವ ನರಗಳು ಐದು. ನಾಲ್ಕು ತೊಡೆಯ ಹಿಂದಿನಿಂದ ಇಳಿದು ಬರುವ ದೊಡ್ಡ ಸಯಾಟಿಕ್ ನರದ ಕವಲುಗಳು, ಐದನೆಯದು ತೊಡೆಯ ಮುಂದಿನ ನರದ ಕೊನೆಯ ಕವಲು. ಐದೂ ಹರಡಿನ ಸುತ್ತ ಚರ್ಮಕ್ಕೆ ಹತ್ತಿರವಾಗಿ ಹಾಯುತ್ತವೆ. ಓದುವವರು ಬೇಕಾದರೆ ಚಪ್ಪಲಿ ಬಿಚ್ಚಿ ತಮ್ಮ ಕಾಲನ್ನೇ ನೋಡಿಕೊಳ್ಳಬಹುದು. ಹರಡಿನ ಒಳಮಗ್ಗುಲಿನ ಮೂಳೆಗಂಟಿನ ಹಿಂದೆ ಎರಡು ಬೆರಳಿಟ್ಟರೆ ನಾಡಿ ಬಡಿಯುವುದು ಸಿಗುತ್ತದೆ. ಅದರ ಬೆನ್ನಿಗೇ ಟಿಬಿಯಲ್ ನರ. ಅಂಗಾಲು ಬಹುಪಾಲು ಅದರದ್ದು. ಐವರಲ್ಲಿ ಹಿರಿಯ.

ಅಜ್ಜನಿಗೆ ಅಲ್ಲಿ ನಾಡಿ ಸಿಗಲಿಲ್ಲ, ಶುಗರಿನ ಕಾಲುಗಳಲ್ಲಿ ಸಿಗದಿರುವುದೇ ಹೆಚ್ಚು. ಗಂಟಿಗೂ ಹಿಮ್ಮಡಿಯ ಹುರಿಗೂ ನಡುವೆ ಅಳೆದು ಸೂಜಿ ಇಳಿಸಿದೆ. "ಜುಮ್ ಅಂತ ಅಂಗಾಲಿಗೆ ಹೋತ ನೋಡವ್ವಾ" ಎಂದರು. ಸೂಜಿ ನರದ ಬಾಗಿಲಿಗೆ ಬಂದಿದೆ ಎಂದು ಅರ್ಥ. ಅಲ್ಲೇ ಒತ್ತಬಾರದು. ನರದ ಒಳಗೆ ಮದ್ದು ಹೋದರೆ ಎಳೆಗಳಿಗೆ ಪೆಟ್ಟು. ಕೂದಲೆಳೆಯಷ್ಟು ಹಿಂದೆ ಸರಿದು, ಸಿರಿಂಜು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿಕೊಂಡು, ನಿಧಾನವಾಗಿ ಬಿಟ್ಟೆ. ಎರಡನೆಯ ಚುಚ್ಚು ಹರಡಿನ ಮುಂದೆ. ಹೆಬ್ಬೆರಳನ್ನು ಮೇಲೆತ್ತಿದಾಗ ಏಳುವ ಹುರಿಯ ಪಕ್ಕದಲ್ಲಿ ಆಳದ ನರ ಒಂದಿದೆ. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದು ಮಾತ್ರ ಚರ್ಮದ ಮೇಲೆ ಅದರ ಸೀಮೆ. ಇಷ್ಟೇ ಜಾಗಕ್ಕೆ ಒಂದು ಪ್ರತ್ಯೇಕ ನರ ಯಾಕೆ ಬೇಕಿತ್ತೋ! ಸೂಜಿಯನ್ನು ಹೊರಗೆ ತೆಗೆಯದೆ ಅಲ್ಲಿಂದಲೇ ಚರ್ಮದಡಿ ಒಂದು ಕಡೆ ಹೊರಗಂಟಿನವರೆಗೆ, ಇನ್ನೊಂದು ಕಡೆ ಒಳಗಂಟಿನವರೆಗೆ ಮದ್ದು ಹಾಯಿಸಿದರೆ ಇನ್ನೆರಡು ನರಗಳಿಗೂ ಮುಟ್ಟುತ್ತದೆ. ಮೂರನೆಯ ಚುಚ್ಚು ಹೊರಗಂಟಿನ ಹಿಂದೆ, ಕಿರುಬೆರಳಿನ ಅಂಚನ್ನು ನೋಡಿಕೊಳ್ಳುವ ನರಕ್ಕೆ. ಐದು ನರ, ಮೂರು ಚುಚ್ಚು. ನೋವಾಗುವುದಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸ್ಪರ್ಶ ಚೆನ್ನಾಗಿರುವ ಪಾದದಲ್ಲಿ, ಅದರಲ್ಲೂ ಮುಂದಿನ ಚುಚ್ಚಿಗೆ, ಉರಿಯುತ್ತದೆ.

ಆಮೇಲೆ ಕಾಯಬೇಕು. ಸರ್ಜನ್‌ಗಳಿಗೆ ಬ್ಲಾಕ್ ಇಷ್ಟವಾಗದಿರುವುದು ಇಲ್ಲೇ. ಬೆನ್ನಿಗೆ ಕೊಟ್ಟರೆ ಐದು ನಿಮಿಷದಲ್ಲಿ ಕೆಲಸ ಶುರು ಮಾಡಬಹುದು. ಇದಕ್ಕೆ ಹದಿನೈದು, ಇಪ್ಪತ್ತು ನಿಮಿಷ. ಗ್ಲೌಸು ಹಾಕಿಕೊಂಡು ಕೈ ಎತ್ತಿ ನಿಂತವರು ಎರಡು ನಿಮಿಷಕ್ಕೊಮ್ಮೆ "ಆತೇನ್ರಿ ಮೇಡಂ?" ಅನ್ನುತ್ತಾರೆ. ನಾನು ಸ್ಪಿರಿಟ್ ಹತ್ತಿಯನ್ನು ಮೊದಲು ಕೈಗೆ, ಆಮೇಲೆ ಪಾದಕ್ಕೆ ಮುಟ್ಟಿಸಿ ತಣ್ಣಗಿದೆಯೇ ಎಂದು ಕೇಳುತ್ತಿರುತ್ತೇನೆ. ಪಾದದಲ್ಲಿ ತಂಪು ಗೊತ್ತಾಗದಾದ ಮೇಲೆ ಚಿಮುಟದಿಂದ ಜೋರಾಗಿ ಚಿವುಟಿ ನೋಡಿ ಸೈ ಅನ್ನುತ್ತೇನೆ. ಅಂದು ಅಜ್ಜ ಬೆರಳು ತೆಗೆಯುವಷ್ಟು ಹೊತ್ತೂ ಡಬ್ಬಿ ಮೆಣಸಿನಕಾಯಿಗೂ ಕಡ್ಡಿ ಮೆಣಸಿನಕಾಯಿಗೂ ಇರುವ ವ್ಯತ್ಯಾಸವನ್ನು ನರ್ಸಮ್ಮನಿಗೆ ಹೇಳುತ್ತಿದ್ದರು. ಮೂಳೆ ಕತ್ತರಿಸುವ ಸದ್ದು ಕೇಳಬಾರದೆಂದು ಮೊಬೈಲಿನಲ್ಲಿ ತತ್ವಪದ ಹಾಕಿದ್ದೆವು, ಅದನ್ನು ಬಂದ್ ಮಾಡಿಸಿದರು. ಬಿಪಿ ಬಂದಾಗ ಇದ್ದಷ್ಟೇ ಇತ್ತು. ಓಟಿಯಿಂದ ಹೊರಗೆ ಹೋದವರೇ ಚಹಾ ಕೇಳಿದರು.

ಎಲ್ಲ ಸಲವೂ ಹೀಗೆ ಸಲೀಸು ಎಂದು ತಿಳಿಯಬಾರದು. ಕೀವು ತುಂಬಿದ ಜಾಗದಲ್ಲೇ ಮದ್ದು ಚುಚ್ಚಿದರೆ ಕೆಲಸ ಮಾಡುವುದಿಲ್ಲ. ಕೊಳೆತ ಮಾಂಸದಲ್ಲಿ ಆಮ್ಲ ಹೆಚ್ಚು. ಅಲ್ಲಿ ಮದ್ದಿನ ಕಣಗಳು ವಿದ್ಯುದಂಶ ಹೊತ್ತು ನರದ ಗೋಡೆಯ ಹೊರಗೇ ಉಳಿಯುತ್ತವೆ. "ಬೆರಳಿನ ಬುಡಕ್ಕೇ ಒಂದು ಲೋಕಲ್ ಹಾಕಿ ಮುಗಿಸಿ" ಎಂದು ಹೇಳುವವರು ಮರೆಯುವುದು ಇದನ್ನೇ. ಸೋಂಕು ಹರಡಿನವರೆಗೆ ಏರಿದ್ದರೆ ನಾನೂ ಅಲ್ಲಿ ಚುಚ್ಚುವುದಿಲ್ಲ, ಇನ್ನೂ ಮೇಲಕ್ಕೆ ಹೋಗಬೇಕು. ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ ಮಾಡುವ ಆಪರೇಷನ್ನಿಗೂ ಹರಡಿನ ಬ್ಲಾಕ್ ಸಾಲದು, ಪಾದ ಸುಮ್ಮನಿದ್ದರೂ ತೊಡೆ ಕೂಗುತ್ತದೆ. ಬ್ಲಾಕ್ ಅರೆಬರೆ ಹಿಡಿದರೆ ಬೇರೆ ಅರಿವಳಿಕೆಗೆ ಸಿದ್ಧವಾಗಿಯೇ ಇರುತ್ತೇವೆ. "ಬರೇ ಕಾಲಿಗೆ ಸೂಜಿ ಅಂದ್ರ ಉಪಾಸ ಯಾಕ್ರಿ?" ಎಂದು ಗೊಣಗುವವರಿಗೆ ಉತ್ತರ ಅದೇ. ಆರು ತಾಸಿನ ಉಪವಾಸ ತಪ್ಪುವುದಿಲ್ಲ.

ನಾನು ಹೆದರುವುದು ಮದ್ದಿನ ಪ್ರಮಾಣಕ್ಕೆ. ಬುಪಿವಕೇನ್ ಪ್ರತಿ ಕೆ.ಜಿ. ತೂಕಕ್ಕೆ 2 ಮಿ.ಗ್ರಾಂ ದಾಟಬಾರದು. 50 ಕೆ.ಜಿ. ತೂಗುವ ಬಡಕಲು ಮೈಗೆ 100 ಮಿ.ಗ್ರಾಂ, ಅಂದರೆ ಅರ್ಧ ಪರ್ಸೆಂಟಿನ ಮದ್ದು 20 ಮಿ.ಲೀ. ಅಷ್ಟಕ್ಕೇ ಐದೂ ನರ ಮುಗಿಯಬೇಕು. ಮದ್ದು ಹೆಚ್ಚಾದರೆ, ಇಲ್ಲವೇ ತಪ್ಪಿ ರಕ್ತನಾಳದೊಳಗೆ ಹೋದರೆ ತುಟಿಯ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಸದ್ದು, ಬಾಯಲ್ಲಿ ಲೋಹದ ರುಚಿ. ಆಮೇಲೆ ಫಿಟ್ಸ್, ಕೊನೆಗೆ ಹೃದಯವೇ ನಿಲ್ಲಬಹುದು. ಅದಕ್ಕೇ ಚುಚ್ಚುತ್ತಾ ಮಾತಾಡಿಸುತ್ತಿರುತ್ತೇನೆ. ರೋಗಿ ಎಚ್ಚರವಿರುವುದರ ಲಾಭ ಇದು. ಇದಕ್ಕೆ ಪ್ರತಿಮದ್ದೂ ಇದೆ: ಸೋಯಾ ಎಣ್ಣೆಯಿಂದ ಮಾಡಿದ, ಹಾಲಿನಂಥ ಬಿಳಿಯ 20 ಪರ್ಸೆಂಟಿನ ಲಿಪಿಡ್ ದ್ರವ. ಊಟ ಸೇರದವರಿಗೆ ರಕ್ತನಾಳದ ಮೂಲಕ ಪೋಷಣೆ ಕೊಡಲು ಇದ್ದ ಬಾಟಲಿ ಇದು. ಬುಪಿವಕೇನ್ ವಿಷದಿಂದ ನಿಲ್ಲುವ ಹೃದಯವನ್ನು ಇದು ಉಳಿಸಬಲ್ಲದೆಂದು ಅಮೆರಿಕದ ಗೈ ವೈನ್‌ಬರ್ಗ್ 1998ರಲ್ಲಿ ಇಲಿಗಳಲ್ಲಿ ತೋರಿಸಿದರು. ಬ್ಲಾಕ್ ಕೊಡುವ ಪ್ರತಿ ಓಟಿಯಲ್ಲೂ ಅದು ಇರಬೇಕು.

ಹಿಮ್ಮಡಿ ಮೂಳೆ ಚೂರಾದವರದ್ದು ಬೇರೆ ಲೆಕ್ಕ. ತೆಂಗಿನ ಮರದಿಂದಲೋ ಕಟ್ಟಡದ ಸಾರವೆಯಿಂದಲೋ ನೇರ ಕಾಲೂರಿ ಬಿದ್ದ ಗಟ್ಟಿ ಆಳುಗಳು. ಪ್ಲೇಟು ಹಾಕಿದ ರಾತ್ರಿ ಇವರು ಪಡುವ ಪಾಡು ನೋಡಲಾಗದು. ಇವರಿಗೆ ಮಂಡಿಯ ಹಿಂಭಾಗದಲ್ಲಿ, ಸಯಾಟಿಕ್ ನರ ಎರಡು ಕವಲಾಗುವ ಜಾಗದಲ್ಲಿ ಬ್ಲಾಕ್ ಕೊಟ್ಟರೆ ಮರುದಿನದವರೆಗೂ ಪಾದ ತಣ್ಣಗಿರುತ್ತದೆ. ಅಲ್ಲಿ ನರ ಆಳದಲ್ಲಿದೆ, ಪಕ್ಕದಲ್ಲೇ ದೊಡ್ಡ ರಕ್ತನಾಳ. ಅಲ್ಟ್ರಾಸೌಂಡ್ ಹಿಡಿದರೆ ಪರದೆಯ ಮೇಲೆ ಬಿಳಿಯ ಜೇನುಹುಟ್ಟಿನ ಚೂರಿನ ಹಾಗೆ ನರ ಕಾಣುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸಿ ಎಂದರೆ ಎರಡು ಕವಲುಗಳು ಒಂದೇರಿ ಒಂದಿಳಿಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಅದು ಬೇಸರವಾಗಿಲ್ಲ. ಸೂಜಿಯ ತುದಿ ಕಾಣುತ್ತದೆ, ಮದ್ದು ನರವನ್ನು ಸುತ್ತುವರಿಯುವುದೂ ಕಾಣುತ್ತದೆ. ಮದ್ದು ಕಡಿಮೆ ಸಾಕು, ತಪ್ಪುವುದೂ ಕಡಿಮೆ.

ಆದರೆ ಆ ಯಂತ್ರ ನನ್ನ ಕಾರಿನಲ್ಲಿ ಇರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ ಬಸಿರನ್ನು ನೋಡಬಲ್ಲ ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಕೇಳುತ್ತದೆ. ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರವೂ ನೋಂದಣಿಯಾದ ಆಸ್ಪತ್ರೆಯ ಆವರಣ ಬಿಟ್ಟು ಊರೂರು ಸುತ್ತುವಂತಿಲ್ಲ. ಕಾಯ್ದೆಯ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣು ಹುಟ್ಟಬಾರದೆಂದು ಹಣ ಎಣಿಸಿದವರನ್ನು ಈ ನಾಡು ಸಾಕಷ್ಟು ಕಂಡಿದೆ. ಆದರೆ ಅದರ ಬಿಸಿ ಹಿಮ್ಮಡಿ ಮುರಿದವನಿಗೂ ತಟ್ಟುತ್ತದೆ ಅನ್ನುವುದು ನಿಜ. ದೊಡ್ಡ ಆಸ್ಪತ್ರೆಗಳಲ್ಲಿ ನೋಂದಣಿಯಾದ ಯಂತ್ರ ಓಟಿಯಲ್ಲೇ ಇರುತ್ತದೆ. ನಮ್ಮಲ್ಲಿ ಬೆರಳೇ ಗತಿ. ಹಾಗಾಗಿಯೇ ನನ್ನ ಮಟ್ಟಿಗೆ ಹರಡಿನ ಬ್ಲಾಕ್ ಸಣ್ಣ ಊರಿನ ಬ್ಲಾಕ್. ಗಂಟು, ಹುರಿ, ನಾಡಿ ಮುಟ್ಟಿ ನೋಡಿ ಕೊಡಬಹುದು, ಯಂತ್ರ ಬೇಡ, ನೂರಾರು ರೂಪಾಯಿಯ ಸಾಮಾನು ಸಾಕು. ಹೊಸದಾಗಿ ಕಲಿತು ಬರುವ ಹುಡುಗರು ಪರದೆ ಇಲ್ಲದೆ ಇದನ್ನು ಕೊಡಲು ಹಿಂಜರಿಯುವುದು ನೋಡಿದರೆ ಬೇಜಾರಾಗುತ್ತದೆ.

ಬ್ಲಾಕ್ ಪಡೆದವರಿಗೆ ನಿಜವಾದ ಪರೀಕ್ಷೆ ರಾತ್ರಿ. ಸಂಜೆ ನೋವೇ ಇರುವುದಿಲ್ಲ. ಕೊಟ್ಟ ಮಾತ್ರೆ ತಲೆದಿಂಬಿನ ಪಕ್ಕ ಬಿದ್ದಿರುತ್ತದೆ, "ನೂವs ಇಲ್ಲ, ಗುಳಿಗಿ ಯಾಕ?" ನಡುರಾತ್ರಿ ಎರಡರ ಹೊತ್ತಿಗೆ ಬ್ಲಾಕ್ ಇಳಿಯುತ್ತದೆ, ನೋವು ಒಮ್ಮೆಲೇ ಏರುತ್ತದೆ, ವಾರ್ಡಿಗೆಲ್ಲ ನಿದ್ದೆಯಿಲ್ಲ. ಮಾತ್ರೆ ನುಂಗಬೇಕಾದದ್ದು ಪಾದ ಇನ್ನೂ ಮರಗಟ್ಟಿರುವಾಗಲೇ, ಹೇಳಿದ ಹೊತ್ತಿಗೆ. ಕಿಡ್ನಿ ಸೋತವರಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆ ಕೊಡುವಂತಿಲ್ಲ, ಟ್ರಮಡಾಲ್ ಕೊಟ್ಟರೆ ಹಲವರಿಗೆ ವಾಂತಿ. ಇಂಥವರಿಗೆ ಮೊದಲ ರಾತ್ರಿಯ ಬಹುಪಾಲನ್ನು ಬ್ಲಾಕ್ ದಾಟಿಸಿಕೊಡುವುದು ಸಣ್ಣ ಉಪಕಾರವಲ್ಲ.

ಮರಗಟ್ಟಿದ ಪಾದಕ್ಕೆ ಕಾವಲೂ ಬೇಕು. ಬಚ್ಚಲಿಗೆ ಒಬ್ಬರೇ ಎದ್ದು ಹೋಗಬಾರದು, ಕಾಲು ಮಡಚಿ ಬೀಳುತ್ತಾರೆ. ಬಿಸಿನೀರಿನ ಚೀಲ, ಶಾಖ ಯಾವುದೂ ಕೂಡದು. ಹಿಮ್ಮಡಿ ಒಂದೇ ಕಡೆ ಒತ್ತಿ ಹುಣ್ಣಾಗದಂತೆ ಮೀನಖಂಡದಡಿ ದಿಂಬು ಇಡಬೇಕು. ಪಟ್ಟಿ ಬಿಗಿಯಾಗಿದ್ದರೂ ಗೊತ್ತಾಗದ ಕಾರಣ ಬೆರಳುಗಳ ಬಣ್ಣವನ್ನು ಮನೆಯವರು ನೋಡುತ್ತಿರಬೇಕು. ನೀಲಿಯಾದರೆ, ಊದಿಕೊಂಡು ಬಿಗಿದರೆ, ಬೆಳಗಾಗಲೆಂದು ಕಾಯಬಾರದು.

"ಕಾಲು ಹಂಗs ಉಳದರ?" ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಕೆಲವು ದಿನ ಜುಮುಜುಮು ಉಳಿಯುವುದುಂಟು, ವಾರಗಳಲ್ಲಿ ಹೋಗುತ್ತದೆ. ನರಕ್ಕೆ ಬಹುಕಾಲ ಉಳಿಯುವ ಪೆಟ್ಟು ದೊಡ್ಡ ಸಮೀಕ್ಷೆಗಳಲ್ಲಿ ಹತ್ತು ಸಾವಿರಕ್ಕೆ ಎರಡರಿಂದ ನಾಲ್ಕು ಜನರಿಗೆ. ಶುಗರಿನಿಂದ ಮೊದಲೇ ಸೊರಗಿದ ನರ ಸ್ವಲ್ಪ ನಾಜೂಕು. ಬ್ಲಾಕ್ ಹೆಚ್ಚು ಹೊತ್ತು ನಿಲ್ಲುವುದೂ ಅದರಲ್ಲೇ. ಅದಕ್ಕೇ ಮದ್ದು ಹಿತಮಿತ, ಪಾದದಲ್ಲಿ ಎಷ್ಟು ಸ್ಪರ್ಶ ಇದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪಾದದ ಆಪರೇಷನ್ ನಿಗದಿಯಾದರೆ, ಅರಿವಳಿಕೆಯವರನ್ನು ಓಟಿ ಬಾಗಿಲಲ್ಲಿ ನೋಡುವ ಬದಲು ಹಿಂದಿನ ದಿನವೇ ಭೇಟಿ ಮಾಡಿಸಿ ಎಂದು ಹಟ ಹಿಡಿಯಿರಿ. ನುಂಗುವ ಮಾತ್ರೆಗಳನ್ನೆಲ್ಲ ಚೀಟಿ ಸಮೇತ ಒಯ್ಯಿರಿ, ರಕ್ತ ತೆಳುವಾಗುವ ಮಾತ್ರೆಯನ್ನು ಯಾರನ್ನೂ ಕೇಳದೆ ನಿಲ್ಲಿಸಬೇಡಿ. ಪಾದಕ್ಕಷ್ಟೇ ಬ್ಲಾಕ್ ಕೊಡಲು ಆಗುತ್ತದೆಯೇ, ಇಲ್ಲವಾದರೆ ಯಾಕೆ, ಲಿಪಿಡ್ ಬಾಟಲಿ ಇಟ್ಟಿದ್ದೀರಾ, ರಾತ್ರಿ ಮಾತ್ರೆ ಎಷ್ಟು ಗಂಟೆಗೆ ಎಂದು ಕೇಳಿ. ಕೇಳಿದರೆ ನಮಗೆ ಬೇಜಾರಿಲ್ಲ. ಬೇಜಾರು ಮಾಡಿಕೊಳ್ಳುವ ಡಾಕ್ಟರು ಸಿಕ್ಕರೆ ಇನ್ನೊಂದು ಸಲ ಕೇಳಿ.